ಬಿರುಕಿನೊಳಗಿನ ಸುಣ್ಣ

“ಇದು ಹೊಸಾ ಬಿರುಕು,” ಎಂದ ಶಂಭುಲಿಂಗ, ಕಂಬದ ತುಂಡಿನ ಮೇಲೆ ಬೂಟುಗಾಲು ಇಟ್ಟುಕೊಂಡೇ. “ಉಳಿ ಪೆಟ್ಟು ಬಿದ್ದ ಮ್ಯಾಲ ಬಿಟ್ಟೈತಿ. ಇದರಾಗ ಇನ್ನೇನು ನೋಡಾದೈತ್ರಿ?”

ಕಾಲು ತೆಗಿ ಅನ್ನುವ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆ ಕಂಬ ಮುರಿದು ಬಿದ್ದಾಗ ಅದರಡಿ ಇಬ್ಬರು ಹಮಾಲರು ಸತ್ತಿದ್ದರು. ಆದರೆ ನಾನು ಅಲ್ಲಿ ಪತ್ತೇದಾರಿಣಿ ರೇಣುಕಾದೇವಿಯಾಗಿ ನಿಂತಿರಲಿಲ್ಲ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ನೇಮಕಾತಿ ಸಲಹೆಗಾರ್ತಿ ಎಂದು ಹಲ್ಲು ಕಿರಿಯುತ್ತ ನಿಂತಿದ್ದೆ. ಸಲಹೆಗಾರ್ತಿಯರು ಅಭ್ಯರ್ಥಿಗಳ ಬೂಟಿನ ವಿಷಯ ಎತ್ತುವುದಿಲ್ಲವಂತೆ.

ಈ ಮನುಷ್ಯನ ಬಗ್ಗೆ ಬಹುವಚನದಲ್ಲಿ ಬರೆಯಬೇಕಿತ್ತು. ಕ್ಷಮಿಸಿ, ಕೈ ಬರುತ್ತಿಲ್ಲ.

ನೆಲೆ ಸಂಸ್ಥೆ ಇರುವುದು ಹೊಸಪೇಟೆಯಿಂದ ಕಡ್ಡಿರಾಂಪುರಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ. ಕಟ್ಟಡ ಕಟ್ಟುವುದು ಇವರ ಕೆಲಸವಲ್ಲ. ಬಿದ್ದ ಕಟ್ಟಡ ಯಾಕೆ ಬಿತ್ತು, ಯಾರ ತಪ್ಪಿನಿಂದ ಬಿತ್ತು ಎಂದು ಕಂಡುಹಿಡಿದು ಕೋರ್ಟಿಗೆ ಹೇಳುವುದು ಇವರ ಕೆಲಸ. ಆಸ್ಪತ್ರೆಯಲ್ಲಿ ಹೆಣ ಕೊಯ್ದು ನೋಡುವಂತೆ ಇಲ್ಲಿ ಕಂಬ, ತೊಲೆ, ಚಾವಣಿಗಳನ್ನು ಕೊಯ್ದು ನೋಡುತ್ತಾರೆ. ಆ ಕೆಲಸದ ಮುಖ್ಯಸ್ಥನ ಕುರ್ಚಿ ಖಾಲಿಯಾಗಿತ್ತು, ಅವತ್ತು ಅದಕ್ಕೆ ಸಂದರ್ಶನ ನಡೆದಿತ್ತು.

ಕುರ್ಚಿ ಖಾಲಿಯಾದದ್ದು ಹೇಗೆನ್ನುವುದಕ್ಕೆ ಒಂದೇ ಮಾತು ಸಾಕು. ಆಸರೆಗಂಬ ಕೊಟ್ಟು ನಿಲ್ಲಿಸದ ಗೋಡೆಯ ಹತ್ತಿರ ಜೀವಮಾನದಲ್ಲಿ ಸುಳಿಯದಿದ್ದ ಮುಖ್ಯಸ್ಥ ಮಹಾಂತೇಶ, ಈ ಕಂಬವಿದ್ದ ಕಂಪ್ಲಿಯ ಅಕ್ಕಿ ಗಿರಣಿ ಬಿದ್ದ ಜಾಗದಲ್ಲೇ ಆಸರೆಯಿಲ್ಲದ ಗೋಡೆಯ ಕೆಳಗೆ ಸತ್ತು ಸಿಕ್ಕಿದ್ದ. ಆಕಸ್ಮಿಕ ಎಂದು ಪೊಲೀಸರು ಕೈತೊಳೆದುಕೊಂಡರು. ಪೊಲೀಸ್ ಕೆಲಸ ಬಿಟ್ಟು ಬಂದವಳಿಗೆ ಆ ಪದದ ಬೆಲೆ ಚೆನ್ನಾಗಿ ಗೊತ್ತು.

ಸಂಸ್ಥೆಯ ಒಡತಿ ನೀಲಗಂಗಮ್ಮನವರಿಗೂ ಗೊತ್ತಿತ್ತು. ಅದಕ್ಕೇ ನನ್ನನ್ನು ಕರೆಸಿದ್ದರು. ಮಹಾಂತೇಶನನ್ನು ಮುಗಿಸಿದವರೇ ಅವನ ಕುರ್ಚಿಯಲ್ಲಿ ಬಂದು ಕೂರಬಾರದು, ಅಷ್ಟು ನೋಡಿಕೊಡಿ ಎಂದಿದ್ದರು.

ನನಗೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಗಾರೆ ಕೆಲಸದ ಗೌಂಡಿ ಮೂಕಪ್ಪ ಬಳ್ಳಾರಿ ಜೈಲಿನಲ್ಲಿದ್ದ. ದೀಪಾವಳಿ ಮುಗಿದ ಮೇಲೆ ಆ ಗಿರಣಿಯಲ್ಲಿ ಹೊಸ ಯಂತ್ರದ ಬೆಲ್ಟಿಗೆ ದಾರಿ ಮಾಡಲು ಗೋಡೆ ಒಡೆದಿದ್ದವನು ಅವನು. ಗೋಡೆ ಒಡೆಯುವಾಗ ಕಂಬಕ್ಕೂ ಉಳಿ ಹೊಡೆದಿದ್ದಾನೆ, ಅದರಿಂದಲೇ ಕಂಬ ಬಿರಿದು ಗಿರಣಿ ಕುಸಿಯಿತು ಎಂಬುದು ಅವನ ಮೇಲಿನ ಆರೋಪ. ಕಂಬ ಮುಟ್ಟಿಲ್ಲ ಎಂದು ಅವನು ಹೇಳುತ್ತಲೇ ಬಂದಿದ್ದ. ಅವನ ಹೆಂಡತಿ ಯಮನಮ್ಮ ಬಸ್ ಸ್ಟ್ಯಾಂಡ್ ಹಿಂದಿನ ನನ್ನ ಆಫೀಸಿಗೆ ಬಂದು ಕೂತರೆ ಏಳುತ್ತಿರಲಿಲ್ಲ.

ಹೊಸ ಮುಖ್ಯಸ್ಥ ಸಹಿ ಹಾಕುವ ಮೊದಲ ವರದಿಯೇ ಆ ಕಂಬದ್ದು. ಬಿರುಕು ಹೊಸದು ಎಂದರೆ ಮೂಕಪ್ಪ ಒಳಗೆ. ಹಳೆಯದು ಎಂದರೆ ಮೂಕಪ್ಪ ಮನೆಗೆ, ಗಿರಣಿಯ ಮಾಲೀಕ ಕೊಟ್ರಯ್ಯ ಕೋರ್ಟಿಗೆ. ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎನ್ನುವುದರ ಮೇಲೆ ಒಬ್ಬ ಮನುಷ್ಯನ ಬಾಳು ನಿಂತಿತ್ತು.

ಶಂಭುಲಿಂಗ ಬೂಟು ಕೆಳಗಿಳಿಸಿ, ಕರವಸ್ತ್ರದಿಂದ ಅದನ್ನೇ ಒರೆಸಿಕೊಂಡ. ಸಂಡೂರಿನವನು. ಗಣಿಗಳ ದೊಡ್ಡ ದೊಡ್ಡ ಕಟ್ಟಡಗಳ ತನಿಖೆ ಮಾಡಿದವನು ಎಂದು ಹೆಸರು. ಪರೀಕ್ಷೆಗೆಂದು ಅಂಗಳದಲ್ಲಿ ಗಿರಣಿಯ ಕಂಬಗಳ ತುಂಡುಗಳನ್ನು ಹರಡಿದ್ದರು. ಇಷ್ಟವಾದದ್ದನ್ನು ನೋಡಿ ಕಟ್ಟಡ ಬಿದ್ದ ಕಾರಣ ಹೇಳಿ ಎಂಬುದೇ ಪ್ರಶ್ನೆ. ಅವನು ಒಂದು ತುಂಡು ನೋಡಿದ. ಅದನ್ನೂ ಬಗ್ಗಿ ನೋಡಲಿಲ್ಲ.

“ಉಳದದ್ದು ನೋಡಂಗಿಲ್ಲೇನ್ರಿ?” ಎಂದರು ನೀಲಗಂಗಮ್ಮ.

“ಅನ್ನ ಆಗೇತೇನಂತ ನೋಡಾಕ ಒಂದ ಅಗಳು ಸಾಕಲ್ರಿ ಅಮ್ಮಾರ.”

ನೀಲಗಂಗಮ್ಮ ಮುಖ ಗಂಟಿಕ್ಕಿಕೊಂಡರು. ಅರವತ್ತು ದಾಟಿದ ಹೆಂಗಸು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಮಾತು ಕಡಿಮೆ. ತಮ್ಮ ಕೆಲಸವನ್ನು ಯಾರಾದರೂ ಅಡುಗೆಗೆ ಹೋಲಿಸಿದರೆ ಅವರಿಗೆ ಆಗಿಬರುವುದಿಲ್ಲ ಎಂದು ನನಗೆ ಆಗಲೇ ತಿಳಿದಿತ್ತು. ಒಳಗೆ ಹೋಗಿ ಕೂಡಿ ಎಂದು ಅವನಿಗೆ ಕೈಸನ್ನೆ ಮಾಡಿದರು.

ಎರಡನೆಯವಳು ಅಂಜಲಿ. ಕಡ್ಡಿರಾಂಪುರದ ಹುಡುಗಿ. ಮನೆಯವರು ಹಂಪಿ ನೋಡಲು ಬರುವವರಿಗೆ ಕೋಣೆ ಬಾಡಿಗೆ ಕೊಡುತ್ತಾರೆ. ಹಂಪಿಯ ಜಾರಿದ ಕಲ್ಲಿನ ಮಂಟಪಗಳಿಗೆ ಆಸರೆ ಕೊಡುವ ಕೆಲಸದಲ್ಲಿ ಪಳಗಿದವಳು. ವಯಸ್ಸಿನಲ್ಲಿ ಶಂಭುಲಿಂಗನಿಗಿಂತ ಬಹಳ ಚಿಕ್ಕವಳು, ಅದೊಂದೇ ಅವಳ ಕೊರತೆ ಎಂದು ನಾನು ವರದಿ ಕೊಟ್ಟಿದ್ದೆ.

ಅವಳು ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದಳು. ಅಷ್ಟಕ್ಕೇ ನಾನು ಒಲಿದುಬಿಟ್ಟೆ. ಅತ್ತಿತ್ತ ನೋಡದೆ ತುಂಡುಗಳ ನಡುವೆ ನಡೆದು ಒಂದರ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮುರಿದ ಮೈಯನ್ನು ಬೆರಳಿನಿಂದ ಸವರಿದಳು. ಕುಡಿಯುವ ನೀರಿನ ಬಾಟಲಿ ತೆರೆದು ಬಿರುಕಿನ ಮೇಲೆ ಸ್ವಲ್ಪ ಸುರಿದಳು.

“ಇಲ್ಲಿ ಬರ್ರಿ,” ಎಂದಳು.

ನಾವಿಬ್ಬರೂ ಬಗ್ಗಿದೆವು. ಕಂಬದ ಹೊರಮೈಗೆ ಬಳಿದ ಸುಣ್ಣ ಅಲ್ಲಲ್ಲಿ ಉಳಿದಿತ್ತು. ಅದೇ ಸುಣ್ಣ ಬಿರುಕಿನ ಒಳಗೂ ಬೆರಳಷ್ಟು ಆಳಕ್ಕೆ ಇಳಿದು ಗಟ್ಟಿಯಾಗಿತ್ತು. ಒದ್ದೆಯಾದ ಮೇಲೆ ಅದರ ಬಣ್ಣ ಎದ್ದು ಕಂಡಿತು. ಬರೀ ಬಿಳಿಯಲ್ಲ, ತೆಳುವಾದ ನೀಲಿ.

ಸುಣ್ಣ ಬಿರುಕಿನೊಳಗೆ ಹೋಗಬೇಕಾದರೆ ಸುಣ್ಣ ಹೊಡೆಯುವ ಹೊತ್ತಿಗೆ ಬಿರುಕು ಇರಬೇಕು. ಸುಣ್ಣ ಆದ ಮೇಲೆ ಬಿಟ್ಟ ಬಿರುಕಾಗಿದ್ದರೆ ಒಳಗೆ ಕಾಂಕ್ರೀಟು ಬೆತ್ತಲೆ ಕಾಣುತ್ತಿತ್ತು. ಅಂಜಲಿ ಇದನ್ನು ತಗ್ಗಿದ ದನಿಯಲ್ಲಿ, ಒಂದು ಮಾತೂ ಹೆಚ್ಚಿಲ್ಲದೆ ಹೇಳಿದಳು. ಆಮೇಲೆ ನೀಲಗಂಗಮ್ಮನವರ ಕಡೆ ತಿರುಗಿ, ಆ ಕಡೆ ಗಿರಣಿಗಳಿಗೆ ಸುಣ್ಣ ಹೊಡೆಸುವುದು ಯಾವಾಗ ಎಂದು ಕೇಳಿದಳು.

ನೀಲಗಂಗಮ್ಮ ಅಕ್ಕಿ ಗಿರಣಿಯವರ ಮಗಳು. ಅವರು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು.

“ಮಾನಮಿಗೆ,” ಎಂದರು. “ಆಯುಧ ಪೂಜಿ ಮುಂದ ಹೊಡಸ್ತಾರ. ಸುಣ್ಣಕ್ಕ ನೀಲಿ ಕಲಸಿ ಕಂಬಕ್ಕೆಲ್ಲ ಹೊಡದು, ಒಣಗಿದ ಮ್ಯಾಲ ವಿಭೂತಿ ಹಚ್ತಾರ. ನಮ್ಮ ತವರಿನಾಗೂ ಅದ ಪದ್ಧತಿ.”

ಮಹಾನವಮಿ ಮೊದಲು, ದೀಪಾವಳಿ ಆಮೇಲೆ. ಮೂಕಪ್ಪ ಉಳಿ ಹಿಡಿದು ಗಿರಣಿಯ ಹೊಸ್ತಿಲು ತುಳಿಯುವ ಮೊದಲೇ ಕಂಬ ಬಿರಿದಿತ್ತು. ನನ್ನ ಎದೆಯ ಮೇಲಿನ ಭಾರವನ್ನು ಯಾರೋ ಇಳಿಸಿದ ಹಾಗಾಯಿತು. ಅಲ್ಲೇ ಯಮನಮ್ಮನಿಗೆ ಫೋನ್ ಮಾಡಿಬಿಡಬೇಕು ಅನ್ನಿಸಿತು. ಅವಳು ಅವತ್ತು ಹೊಸಪೇಟೆ ಕೋರ್ಟಿನಲ್ಲಿದ್ದಳು. ಮೂಕಪ್ಪನನ್ನು ವಿಚಾರಣೆಗೆ ಕರೆತರುತ್ತಿದ್ದರು.

ಫೋಟೋ ತೆಗೆಯೋಣವೆಂದು ನಾನು ಮೊಬೈಲ್ ಎತ್ತಿದೆ. ಈ ಬಿಸಿಲಲ್ಲಿ ನೀಲಿ ಬಣ್ಣ ಫೋಟೋದಲ್ಲಿ ಮೂಡುವುದಿಲ್ಲ, ಹೀಗೆ ತೆಗೆದ ಚಿತ್ರವನ್ನು ಎದುರಿನ ವಕೀಲರು ಒಂದೇ ನಿಮಿಷದಲ್ಲಿ ಹರಿದುಹಾಕುತ್ತಾರೆ, ಸಾಕ್ಷಿಯ ತುಂಡುಗಳನ್ನಿಡುವ ಮಾದರಿ ಕೋಣೆಯಲ್ಲಿ ಸರಿಯಾದ ದೀಪ ಹಾಕಿ, ಅಳತೆಪಟ್ಟಿ ಇಟ್ಟು ತೆಗೆಯಬೇಕು ಎಂದು ಅಂಜಲಿ ತಿಳಿಹೇಳಿದಳು. ನೀಲಗಂಗಮ್ಮ ಹೌದೆಂದು ತಲೆಯಾಡಿಸಿದರು. ಮೊಬೈಲನ್ನು ಮತ್ತೆ ಚೀಲದೊಳಗೆ ಹಾಕಿದೆ.

ಮೊನ್ನೆ ನಾನು ಕಂಪ್ಲಿಗೆ ಹೋಗಿದ್ದೆ. ಕೊಟ್ರಯ್ಯ ಗಿರಣಿಯ ಉಳಿದ ಭಾಗದಲ್ಲಿ ಕೂತು ವ್ಯಾಪಾರ ನಡೆಸುತ್ತಿದ್ದ. ಅವನ ಗೆಳೆಯರಿಗೆ ಸ್ಟೀಲ್ ಲೋಟದಲ್ಲಿ ಚಹಾ ಬಂತು, ನನಗೆ ಪೇಪರ್ ಲೋಟದಲ್ಲಿ. ಹೆಸರು ಕೇಳಿ, ಊರು ಕೇಳಿ, ಕೇರಿ ಕೇಳಿದ ಮೇಲೆ ಬಂದ ಲೋಟ ಅದು. ನಾನೂ ಸ್ಟೀಲ್ ಲೋಟದಲ್ಲೇ ಕುಡಿಯುತ್ತೇನೆ ಎಂದೆ. ತೊಳೆದಿಲ್ಲ ಅಂದ. ತೊಳೆಯುವವರೆಗೆ ಕಾಯುತ್ತೇನೆ ಎಂದು ಕೂತೆ. ಕೊನೆಗೆ ತಂದುಕೊಟ್ಟರು. ಚಹಾ ಆರಿಹೋಗಿತ್ತು, ಆದರೂ ಪೂರ್ತಿ ಕುಡಿದೆ.

ಆ ಸಿಟ್ಟಿನಲ್ಲೂ ಕೇಳಬೇಕಾದದ್ದನ್ನು ಕೇಳಿ ಬಂದಿದ್ದೆ. ಹೊಸ ಮುಖ್ಯಸ್ಥರಾಗಿ ಯಾರು ಬಂದರೆ ಒಳ್ಳೆಯದು ಎಂದಾಗ ಅವನು ಯೋಚಿಸಲೇ ಇಲ್ಲ. ಶಂಭುಲಿಂಗ ಸಾಹೇಬರು ಇರಬೇಕಾದರೆ ಬೇರೆ ಹೆಸರು ಯಾಕೆ ಎಂದ.

ಹಾಗಾಗಿ ಅಲ್ಲಿಂದ ಸೀದಾ ಸಂಡೂರಿನ ಬಸ್ಸು ಹತ್ತಿದೆ. ಅಲ್ಲಿ ಬಸಕ್ಕನನ್ನು ಹುಡುಕಿದೆ. ಗಣಿಯ ಅದಿರು ಪುಡಿಮಾಡುವ ಯಂತ್ರದ ಅಟ್ಟಣೆ ಕುಸಿದಾಗ ಸತ್ತ ಆಪರೇಟರನ ತಾಯಿ ಆಕೆ. ಬಸ್ ನಿಲ್ದಾಣದ ಎದುರಿಗೆ ಮಿರ್ಚಿ ಬಜ್ಜಿ ಕರಿಯುತ್ತಿದ್ದಳು. ತನಿಖೆಗೆ ಬಂದ ಶಂಭುಲಿಂಗ ಜೀಪಿನಿಂದ ಕೆಳಗೇ ಇಳಿಯಲಿಲ್ಲವಂತೆ. ಗಾಜು ಇಳಿಸಿ ನೋಡಿದ, ಗಾಜು ಏರಿಸಿ ಹೋದ. ಆಪರೇಟರ್ ಲೋಡು ಹೆಚ್ಚು ಹಾಕಿದ್ದರಿಂದ ಅಟ್ಟಣೆ ಬಿತ್ತು ಎಂದು ವರದಿ ಬಂತು. ಸತ್ತವನ ಮೇಲೆ ತಪ್ಪು ಹೊರಿಸಿದರೆ ಜಗಳಕ್ಕೆ ಬರುವವರು ಯಾರು?

ಇಷ್ಟು ಸರಕು ಕಂಕುಳಲ್ಲಿ ಇಟ್ಟುಕೊಂಡು ನಾನು ಸಂದರ್ಶನದ ಕೋಣೆಗೆ ಹೋದೆ. ಇಬ್ಬರು ಅಭ್ಯರ್ಥಿಗಳನ್ನೂ ಎದುರುಬದುರು ಕೂರಿಸಿ ಎಂದು ನಾನೇ ನೀಲಗಂಗಮ್ಮನವರ ಕಿವಿಯಲ್ಲಿ ಹೇಳಿದೆ. ಸಂದರ್ಶನದಲ್ಲಿ ಹಾಗೆ ಮಾಡುವುದಿಲ್ಲ. ಆದರೆ ನನಗೆ ಶಂಭುಲಿಂಗನ ಮುಖ ನೋಡಬೇಕಿತ್ತು.

ಅಂಜಲಿ ನೋಡಿದ ತುಂಡಿನ ಬಿರುಕಿನ ಒಳಗೆ ಬಿಳಿ ಇದೆಯಲ್ಲ, ಅದಕ್ಕೇನು ಹೇಳುತ್ತೀರಿ ಎಂದು ನೀಲಗಂಗಮ್ಮ ಶುರುಮಾಡಿದರು.

ಅವನಿಗೆ ನಗು ಬಂತು. ಕಾಂಕ್ರೀಟಿನೊಳಗೆ ನೀರು ಇಳಿದರೆ ಸಿಮೆಂಟಿನ ಲವಣ ಕರಗಿ ಹೊರಬಂದು ಬಿಳಿಯಾಗಿ ಕೂರುತ್ತದೆ, ಕಾಲೇಜಿನ ಮಕ್ಕಳಿಗೂ ಗೊತ್ತಿರುವ ವಿಷಯ ಎಂದು ಪಾಠ ಮಾಡಿದ. ಮಾತಿನ ಕೊನೆಗೆ ನನ್ನ ಕಡೆ ನೋಡಿ, ನೇಮಕಾತಿಯವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಬಿಡಿ ಎಂದೂ ಸೇರಿಸಿದ.

“ಲವಣ ನೀಲಿ ಇರ್ತೈತೇನ್ರಿ?” ಎಂದು ಕೇಳಿದೆ.

ನಗು ನಿಂತಿತು. ಅವನು ನನ್ನನ್ನು ನೋಡಿದ, ಅಂಜಲಿಯನ್ನು ನೋಡಿದ, ಕೊನೆಗೆ ನೀಲಗಂಗಮ್ಮನವರನ್ನು ನೋಡಿದ. ಈ ಸೀಮೆಯಲ್ಲೇ ಬೆಳೆದವನಿಗೆ ಆ ನೀಲಿ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಬಗ್ಗಿ ನೋಡಿರಲಿಲ್ಲ, ನೀರು ಹಾಕಿರಲಿಲ್ಲ, ಅಷ್ಟೇ. ಜೀಪಿನಿಂದ ಇಳಿಯದವನು ಅಂಗಳದಲ್ಲಿ ಸೊಂಟ ಬಗ್ಗಿಸುತ್ತಾನೆಯೇ?

“ನೀವು ಯಾರು ಖರೇ ಹೇಳ್ರಿ,” ಎಂದ ನನಗೆ. “ನೇಮಕಾತಿಯವ್ರಲ್ಲ ನೀವು.”

“ಸಂಡೂರಿನ ಬಸಕ್ಕನ ಕಡೆಯಾಕಿ. ಆಕಿ ಮಗ ಸತ್ತ ಜಾಗದಾಗ ನೀವು ಜೀಪಿನಿಂದ ಇಳೀಲಿಲ್ಲಂತ.”

ಅವನು ಎದ್ದು ನಿಂತ. ಕುರ್ಚಿ ಹಿಂದಕ್ಕೆ ಜಾರಿ ಗೋಡೆಗೆ ಬಡಿಯಿತು. ಕರೆದು ಅವಮಾನ ಮಾಡಲು ಸಂದರ್ಶನ ಬೇಕಿತ್ತೇ ಎಂದು ನೀಲಗಂಗಮ್ಮನವರ ಮೇಲೆ ಎಗರಿದ. ಗಣಿಯವರು, ಗಿರಣಿಯವರು, ಗುತ್ತಿಗೆದಾರರು ಇನ್ನು ಮೇಲೆ ನಿಮ್ಮ ಬಾಗಿಲು ತುಳಿಯದಂತೆ ಮಾಡುತ್ತೇನೆ ಎಂದ. ನನಗೂ ಒಂದಿಷ್ಟು ಅಂದ. ಅವನ್ನು ಇಲ್ಲಿ ಬರೆಯುವುದಿಲ್ಲ. ನಾನು ವಾಪಸ್ ಅಂದದ್ದನ್ನಂತೂ ಬರೆಯುವ ಹಾಗೇ ಇಲ್ಲ.

ನೀಲಗಂಗಮ್ಮ ಕೂತ ಜಾಗದಿಂದ ಅಲುಗಲಿಲ್ಲ. ಕೊಟ್ರಯ್ಯ ನಿಮ್ಮನ್ನು ಕಳಿಸಿದ್ದೋ, ನೀವಾಗಿ ಬಂದಿದ್ದೋ ಎಂದು ಮಾತ್ರ ಕೇಳಿದರು.

“ನನ್ನನ್ನ ಯಾರೂ ಕಳಿಸಿಲ್ಲ,” ಎಂದ. ಬಾಗಿಲ ಬಳಿ ಹೋದವನು ತಿರುಗಿ ಅಂಜಲಿಯ ಕಡೆ ಬೆರಳು ಮಾಡಿದ. “ಅಂಗಳದಾಗ ಅಷ್ಟು ತುಂಡು ಬಿದ್ದಾವ. ಈಕಿ ಸೀದಾ ಆ ಒಂದಕ್ಕ ಹೋಗಿ ಕುಂತದ್ದು ಕಿಡಕ್ಯಾಗಿಂದ ಕಂಡೀನಿ, ಹ್ಯಾಂಗ ಗೊತ್ತಾತು? ಅದನ್ನ ಕೇಳ್ರಿ ಮೊದ್ಲು.”

ಹೊಟ್ಟೆಕಿಚ್ಚು ಅಂದುಕೊಂಡೆ. ಸೋತವನು ಹೋಗುವಾಗ ಕೆಸರು ಎರಚಿಯೇ ಹೋಗುತ್ತಾನೆ, ಪೊಲೀಸ್ ಸ್ಟೇಷನ್ನಿನಲ್ಲಿ ಇಂಥವರನ್ನು ಎಷ್ಟು ಕಂಡಿಲ್ಲ. ಅಂಜಲಿ ತಲೆ ತಗ್ಗಿಸಿಯೇ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಅವಳ ಆ ಸಮಾಧಾನ ನನಗೆ ಇನ್ನಷ್ಟು ಹಿಡಿಸಿತು. ಹೊರಗೆ ಶಂಭುಲಿಂಗನ ಕಾರು ಧೂಳೆಬ್ಬಿಸಿಕೊಂಡು ಹೋಯಿತು.

ನೀಲಗಂಗಮ್ಮ ನನ್ನ ಮುಖ ನೋಡಿದರು. ಏನು ಹೇಳುತ್ತೀರಿ ಎಂದರು.

ಈ ಹುಡುಗಿಗೇ ಕೊಡಿ ಎಂದೆ. ಇಷ್ಟು ಕಣ್ಣಿರುವವರು ಇನ್ನೊಬ್ಬರು ಸಿಗುವುದಿಲ್ಲ ಎಂದೆ. ತಡ ಮಾಡಬೇಡಿ, ಸೋಮವಾರ ವರದಿ ಕೋರ್ಟಿಗೆ ಹೋಗಬೇಕು ಎಂದೂ ಒತ್ತಾಯ ಮಾಡಿದೆ. ಅವಳ ಕಡ್ಡಿರಾಂಪುರದ ಮನೆಗೆ ಹೋಗಿ, ಅವಳ ಅವ್ವ ಬಡಿಸಿದ ರೊಟ್ಟಿ ಮತ್ತು ಪುಂಡಿ ಪಲ್ಯ ಉಂಡು, ಅಕ್ಕಪಕ್ಕದವರನ್ನು ವಿಚಾರಿಸಿ ಬಂದಿದ್ದೆ. ಒಬ್ಬರೂ ಕೆಟ್ಟ ಮಾತು ಆಡಿರಲಿಲ್ಲ. ಶಂಭುಲಿಂಗನ ಜಾತಕವನ್ನೆಲ್ಲ ಜಾಲಾಡಿದ ನಾನು ಅವಳ ವಿಷಯದಲ್ಲಿ ರೊಟ್ಟಿಗೇ ತೃಪ್ತಳಾಗಿದ್ದೆ.

ನೆಲೆ ಸಂಸ್ಥೆಯಲ್ಲಿ ಒಂದು ಕಟ್ಟುಪಾಡಿದೆ. ವರದಿಗೆ ಸಹಿ ಹಾಕುವವರ ಕೈಯಲ್ಲೇ ಮಾದರಿ ಕೋಣೆಯ ಬೀಗದ ಕೈ ಇರಬೇಕು, ಮತ್ತೊಬ್ಬರಿಗೆ ಕೊಡುವಂತಿಲ್ಲ. ಒಡತಿಗೂ ಒಳಗೆ ಪ್ರವೇಶವಿಲ್ಲ. ಸಾಕ್ಷಿಯ ತುಂಡನ್ನು ಹತ್ತಾರು ಕೈ ಮುಟ್ಟಿದರೆ ಕೋರ್ಟು ನಂಬುವುದಿಲ್ಲ ಎಂದು ಮಹಾಂತೇಶನೇ ಮಾಡಿದ ನಿಯಮ ಅದು. ಆ ನಿಯಮದ ಬಗ್ಗೆ ಇವರಿಗೆಲ್ಲ ಬಹಳ ಹೆಮ್ಮೆ.

ಮಹಾಂತೇಶ ಸತ್ತಂದಿನಿಂದ ಕಾದಿಟ್ಟಿದ್ದ ಆ ಬೀಗದ ಕೈಯನ್ನು ನೀಲಗಂಗಮ್ಮ ಸೆರಗಿನ ಗಂಟಿನಿಂದ ಬಿಚ್ಚಿ ಅಂಜಲಿಗೆ ಕೊಟ್ಟರು. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬೆಳಕು ಇಳಿಯುವ ಮೊದಲು ಆ ತುಂಡಿನ ಚಿತ್ರ ತೆಗೆದುಬಿಡುತ್ತೇನೆ, ಅಪ್ಪಣೆ ಕೊಡಿ ಎಂದಳು. ಆಳುಗಳು ತುಂಡನ್ನು ಕೈಗಾಡಿಯಲ್ಲಿಟ್ಟು ಮಾದರಿ ಕೋಣೆಗೆ ತಳ್ಳಿಕೊಂಡು ಹೋದರು. ಹಿಂದೆಯೇ ಅವಳು ಹೋದಳು. ಆಳುಗಳು ಹೊರಬಂದ ಮೇಲೆ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು.

ನಾನು ಜಗಲಿಗೆ ಬಂದು ಯಮನಮ್ಮನಿಗೆ ಫೋನ್ ಮಾಡಬೇಕೆಂದು ಮೊಬೈಲ್ ತೆಗೆದೆ. ಅಷ್ಟರಲ್ಲಿ ಅವಳದೇ ಕರೆ ಬಂತು. ಒಳ್ಳೆಯ ಸುದ್ದಿ ಇದೆ ಎಂದು ಹೇಳಲು ಬಾಯಿ ತೆರೆದೆ. ಅವಳು ಅವಕಾಶ ಕೊಡಲಿಲ್ಲ.

“ಅಕ್ಕಾ, ಅವ ಒಪ್ಪಿಕೊಂಡುಬಿಟ್ಟ,” ಎಂದಳು. “ಕಂಬಕ್ಕ ನಾನ ಹೊಡದೀನಿ ಅಂತ ಜಡ್ಜ್ ಸಾಹೇಬ್ರ ಮುಂದ ಹೇಳಿಬಿಟ್ಟ.”

ನನಗೆ ಅರ್ಥವೇ ಆಗಲಿಲ್ಲ. ಯಾರು, ಮೂಕಪ್ಪನೇ ಎಂದು ಪೆದ್ದಿಯಂತೆ ಕೇಳಿದೆ. ಜೈಲಿನಲ್ಲಿ ಇಷ್ಟು ದಿನ ಇದ್ದೂ ಕಂಬ ಮುಟ್ಟಿಲ್ಲ ಎನ್ನುವ ಒಂದೇ ಮಾತಿಗೆ ಜೋತುಬಿದ್ದವನು ಅವನು.

ಯಮನಮ್ಮ ಅಳುತ್ತಿರಲಿಲ್ಲ. ಅವಳ ದನಿ ಒಣಗಿಹೋಗಿತ್ತು. ಕೋರ್ಟಿನ ಮೆಟ್ಟಿಲ ಮೇಲೆ, ಪೊಲೀಸರು ಒಳಗೆ ಕರೆದೊಯ್ಯುವ ಮೊದಲು ಗಂಡ ಅವಳಿಗೆ ಹೇಳಿದ್ದನ್ನು ಹೇಳಿದಳು. ನಿನ್ನೆ ಜೈಲಿಗೆ ಅವನನ್ನು ನೋಡಲು ಒಬ್ಬಳು ಬಂದಿದ್ದಳಂತೆ. ನಿನ್ನ ಉಳಿ ಪೆಟ್ಟಿನಿಂದಲೇ ಕಂಬ ಬಿರಿದದ್ದು ಸಾಬೀತಾಗಿದೆ ಎಂದಳಂತೆ. ಗೋಡೆ ಒಡೆಯುವಾಗ ಕಲ್ಲು ಮಣ್ಣು ಹೊತ್ತವಳು ನಿನ್ನ ಹೆಂಡತಿಯಲ್ಲವೇ, ನೀನು ಒಪ್ಪದಿದ್ದರೆ ಅವಳನ್ನೂ ನಿನ್ನ ಜೊತೆ ಆರೋಪಿ ಮಾಡುತ್ತಾರೆ, ಮಕ್ಕಳನ್ನು ನೋಡುವವರು ಯಾರು ಎಂದು ಕೇಳಿದಳಂತೆ.

“ನನ್ನ ಸಲುವಾಗಿ ಹೇಳ್ಯಾನ ಅಕ್ಕಾ. ನಾ ಹೊರಗಿರಲಿ ಅಂತ.”

ಬಂದವಳು ಯಾರು ಎಂದೆ.

“ಬಿದ್ದ ಕಟ್ಟಡ ನೋಡೋ ಇಂಜಿನೀರಂತ. ಕಂಬದ ವರದಿ ಬರಿಯಾಕಿ ನಾನ ಅಂತ ಹೇಳ್ಯಾಳ. ಹೆಸರು ಅಂಜಲಿ ಅಂದ.”

ನಿನ್ನೆ. ಸಂದರ್ಶನ ನಡೆಯುವ ಮೊದಲು. ಕುರ್ಚಿ ಇನ್ನೂ ಯಾರದೂ ಆಗಿರದಿದ್ದಾಗ, ವರದಿ ಬರೆಯುವವಳು ನಾನೇ ಎಂದು ಅವಳು ಹೇಗೆ ಹೇಳಿದಳು?

ಮಾದರಿ ಕೋಣೆಯ ಒಳಗಿನಿಂದ ಸದ್ದು ಬಂತು. ಕಾಂಕ್ರೀಟು ಕೊಯ್ಯುವ ಯಂತ್ರದ ಸದ್ದು. ಚಿತ್ರ ತೆಗೆಯಲು ಆ ಯಂತ್ರ ಬೇಕಾಗಿಲ್ಲ.

ಮೊಬೈಲ್ ಕಿವಿಗೆ ಹಿಡಿದುಕೊಂಡೇ ಓಡಿದೆ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದೆ, ಗುದ್ದಿದೆ, ಒದ್ದೆ. ನೀಲಗಂಗಮ್ಮ ಅಂಗಳಕ್ಕೆ ಬಂದು ಇದೇನು ಹುಚ್ಚು ಎಂದರು. ಮುಖ್ಯಸ್ಥರು ತುಂಡು ಕೊಯ್ಯುವಾಗ ಯಾರೂ ಒಳಗೆ ಹೋಗುವ ಹಾಗಿಲ್ಲ, ನಿಯಮ ನಿಮಗೂ ಹೇಳಿದ್ದೇನೆ ಎಂದರು. ಅವಳಿಗೆ ಬೇಕಿದ್ದದ್ದು ಕುರ್ಚಿಯಲ್ಲ, ಈ ಬಾಗಿಲ ಒಳಗೆ ಆ ತುಂಡಿನ ಜೊತೆ ಒಬ್ಬಳೇ ಇರುವುದು ಎಂದು ಅರಚಿ ಹೇಳಿದೆ. ನಮ್ಮನ್ನು ನಂಬಿಸಿ ಬೀಗದ ಕೈ ಪಡೆಯಲೆಂದೇ ನೀಲಿ ಸುಣ್ಣ ತೋರಿಸಿದಳು, ಈಗ ಕೊಟ್ರಯ್ಯನನ್ನು ಉಳಿಸಲು ಅದನ್ನೇ ಕೊಯ್ದು ಹಾಕುತ್ತಿದ್ದಾಳೆ ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗಿನ ಖಾಲಿ ಗಂಟನ್ನು ಹಿಡಿದುಕೊಂಡು ನಿಂತುಬಿಟ್ಟರು.

ಬಾಗಿಲ ಕೆಳಗಿನ ಸಂದಿಯಿಂದ ಬೂದು ಬಣ್ಣದ ಧೂಳು ಹೊರಬರುತ್ತಿತ್ತು.

“ಅಕ್ಕಾ, ಕೇಳಾಕತ್ತೀರೇನ್ರಿ?” ಯಮನಮ್ಮ ಇನ್ನೂ ಫೋನಿನಲ್ಲಿದ್ದಳು. “ಜಡ್ಜ್ ಸಾಹೇಬ್ರು ಇನ್ನಾ ಎದ್ದಿಲ್ಲ. ಅವ ಸುಳ್ಳ ಒಪ್ಪಿಕೊಂಡಾನ, ಕಂಬ ನೋಡ್ರಿ ಅಂತ ವಕೀಲರು ಕೈ ಮುಗದು ಕೇಳ್ಯಾರ. ಅದಕ್ಕ ಸಾಹೇಬ್ರು, ಕಂಬದ ತುಂಡು ಇದ್ರ ಈಗಿಂದೀಗ ತಂದು ತೋರ್ಸ್ರಿ ಅಂದಾರ. ನಿಮ್ಮ ಹತ್ರ ಐತಲ್ಲ ಅಕ್ಕಾ, ಜಲ್ದಿ ತಗೊಂಡು ಬರ್ರಿ.”

ತರುತ್ತೇನೆ ಎಂದೆ. ಮತ್ತೆ ಬಾಗಿಲಿಗೆ ಒದ್ದೆ. ಒಳಗೆ ಯಂತ್ರ ನಿಲ್ಲಲಿಲ್ಲ.